ಸಂಕೋಚವು ಪ್ರಾಣಕ್ಕೆ ಎರವಾಗದಿರಲಿ

ಮನೆಮಂದಿಯ ನೆಗಡಿ ಕೆಮ್ಮುಗಳಿಗೂ ಔಷಧಿ ತರಿಸುವ ತಾಯಿಯು ತನ್ನ ಸ್ತನದಲ್ಲಿ ಗಂಟು ಕಂಡರೆ ಸಂಕೋಚದಿಂದ ತಿಂಗಳುಗಟ್ಟಲೆ ಮರೆಮಾಚುವಳು. ನೋವಿಲ್ಲವೆಂದು ಸಮಾಧಾನಪಡುವಳು. ಆದರೆ ಸ್ತನ ಕ್ಯಾನ್ಸರು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ. ಇದನ್ನು ಆಡಬಾರದ ಮಾತೆಂದು ಬಗೆದ ನಮ್ಮಂಥ ಹಿರಿಯರೂ ಈ ಮೌನಕ್ಕೆ ಹೊಣೆಗಾರರು.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನಪರೀಕ್ಷೆ ನಡೆಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷೆಗೊಳಗಾದ 50 ವರ್ಷ ತುಂಬಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30ರಷ್ಟು ತಗ್ಗಿತ್ತು.

ಮೂವತ್ತು ದಾಟಿದ ಸ್ತ್ರೀಯರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆಯುಂಟು. ಗಂಟುಗಳೆಲ್ಲವೂ ಕ್ಯಾನ್ಸರಲ್ಲ. ಆದರೂ ಗಂಟು, ಚರ್ಮದಲ್ಲಿ ಕುಳಿ, ತೊಟ್ಟಿನಿಂದ ರಕ್ತ ಕಂಡೊಡನೆ ವೈದ್ಯರಲ್ಲಿಗೆ ಹೋಗಬೇಕು. ತಾಯಂದಿರು ನಾಚಿದರೆ ಮನೆಯವರೇ ಧೈರ್ಯ ಹೇಳಿ ಕರೆದೊಯ್ಯಲೆಂಬುದೇ ನಮ್ಮ ವಿನಂತಿ.