ಆ್ಯಪ್ ಬಿಡುಗಡೆ: ಆನ್‌ಲೈನ್ ಸಮುದಾಯಗಳ ಬಗ್ಗೆ ಐದು ತಪ್ಪು ಕಲ್ಪನೆ

ಸೊಲ್ಲಾಪುರ–ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಕೂತು ತಂತ್ರಾಂಶ ಬರೆಯಲು ಇವತ್ತು ಒಂದು ಲ್ಯಾಪ್‌ಟಾಪ್, ಒಂದು ನೆಟ್ ಸಂಪರ್ಕ ಸಾಕು. ಬರೆದದ್ದನ್ನು ಜನರ ಕೈಗೆ ಮುಟ್ಟಿಸುವುದು ಮಾತ್ರ ಬೇರೆಯದೇ ಕೆಲಸ. ಜಾಹೀರಾತಿಗೆ ಹಣವಿಲ್ಲದ ಹುಡುಗ ಹುಡುಗಿಯರು ನೆಚ್ಚಿಕೊಳ್ಳುವುದು ಆನ್‌ಲೈನ್ ಸಮುದಾಯಗಳನ್ನೇ: ವಾಟ್ಸ್‌ಆ್ಯಪ್, ಟೆಲಿಗ್ರಾಂ, ರೆಡ್ಡಿಟ್, ಹ್ಯಾಕರ್ ನ್ಯೂಸ್, ಪ್ರಾಡಕ್ಟ್ ಹಂಟ್. ಇವುಗಳ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆಗಳಿಂದಾಗಿ ಒಳ್ಳೆಯ ಆ್ಯಪ್‌ಗಳೂ ಮೂಲೆ ಸೇರುತ್ತವೆ.

ತಪ್ಪು ಕಲ್ಪನೆ 1: ಬಿಡುಗಡೆ ಎಂದರೆ ಒಂದೇ ದಿನದ ಅಬ್ಬರ.

ಸತ್ಯ: ಗಟ್ಟಿಯಾಗಿ ನಿಂತ ತಂತ್ರಾಂಶಗಳು ಹಂತ ಹಂತವಾಗಿ ಹೊರಬಂದಿವೆ. 1991ರ ಆಗಸ್ಟ್ 25ರಂದು ಲೀನಸ್ ಟೊರ್ವಾಲ್ಡ್ಸ್ ‘ಮಿನಿಕ್ಸ್’ ಎಂಬ ಕಾರ್ಯಾಚರಣ ವ್ಯವಸ್ಥೆಯ ಬಳಕೆದಾರರ ಆನ್‌ಲೈನ್ ಬಳಗಕ್ಕೆ ಒಂದು ಸಂದೇಶ ಹಾಕಿದರು. ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿದ್ದೇನೆ, ಅದರಲ್ಲಿ ಏನೇನು ಇರಬೇಕು ಎಂದು ಕೇಳಿದರು. ಆ ವ್ಯವಸ್ಥೆಯೇ ಲಿನಕ್ಸ್. ಅದರ ಮೊದಲ ಆವೃತ್ತಿ ಬಂದದ್ದು ಈ ಸಂದೇಶದ ಮೇಲೆ, 1.0 ಆವೃತ್ತಿಗೆ 1994ರವರೆಗೆ ಕಾಯಬೇಕಾಯಿತು. ಕಡತಗಳನ್ನು ಜಾಲದಲ್ಲಿ ಇಟ್ಟು ಹಂಚಿಕೊಳ್ಳುವ ಡ್ರಾಪ್‌ಬಾಕ್ಸ್ ಹ್ಯಾಕರ್ ನ್ಯೂಸ್‌ನಲ್ಲಿ ಮೊದಲು ಕಾಣಿಸಿಕೊಂಡದ್ದು 2007ರಲ್ಲಿ, ಎಲ್ಲರಿಗೂ ಬಾಗಿಲು ತೆರೆದದ್ದು 2008ರಲ್ಲಿ. ನಡುವಿನ ಕಾಲವೆಲ್ಲ ಜನರ ಮಾತು ಕೇಳಿ ತಿದ್ದಿಕೊಳ್ಳುವುದಕ್ಕೆ ಒದಗಿತು.

ತಪ್ಪು ಕಲ್ಪನೆ 2: ಒಂದೇ ಸಂದೇಶವನ್ನು ಸಿಕ್ಕಸಿಕ್ಕ ಗುಂಪಿಗೆಲ್ಲ ಕಳಿಸಿದರೆ ಹೆಚ್ಚು ಜನ ಬರುತ್ತಾರೆ.

ಸತ್ಯ: ಹಾಗೆ ಮಾಡಿದರೆ ಅಡ್ಮಿನ್ ನಿಮ್ಮನ್ನು ಗುಂಪಿನಿಂದ ತೆಗೆಯುತ್ತಾರೆ, ಅಷ್ಟೇ. ಪ್ರತಿ ಸಮುದಾಯಕ್ಕೂ ಅದರದೇ ನಿಯಮವಿದೆ. ರೆಡ್ಡಿಟ್‌ನಲ್ಲಿ ಒಂದೊಂದು ವಿಭಾಗದ ಕಟ್ಟಳೆ ಒಂದೊಂದು ತೆರ. ಹ್ಯಾಕರ್ ನ್ಯೂಸ್‌ನ ‘ಶೋ’ ವಿಭಾಗದಲ್ಲಿ ಜನ ಆಗಲೇ ಬಳಸಿ ನೋಡಬಹುದಾದದ್ದನ್ನು ಮಾತ್ರ ತೋರಿಸಬೇಕು. ಬರೀ ಹೆಸರು ನೋಂದಾಯಿಸುವ ಪುಟಕ್ಕೆ ಅಲ್ಲಿ ಜಾಗವಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರಿಗೆ ಅಲ್ಲಿ ಮರ್ಯಾದೆ ಇಲ್ಲ.

ಡ್ರಾಪ್‌ಬಾಕ್ಸ್ ಕಟ್ಟಿದ ಡ್ರೂ ಹ್ಯೂಸ್ಟನ್ ಒಂದೊಂದು ಬಳಗಕ್ಕೂ ಒಂದೊಂದು ಮಾತು ಬೇಕೆಂಬುದನ್ನು ಚೆನ್ನಾಗಿ ಅರಿತಿದ್ದರು. 2008ರಲ್ಲಿ ‘ಡಿಗ್’ ತಾಣದ ಓದುಗರಿಗೆಂದೇ, ಅವರಿಗಷ್ಟೇ ತಿಳಿಯುವ ಸೂಚನೆಗಳನ್ನು ಬೆರೆಸಿ ಒಂದು ಪುಟ್ಟ ವಿಡಿಯೊ ಮಾಡಿದರು. ಕಾಯುವವರ ಪಟ್ಟಿ 5,000ದಿಂದ 75,000ಕ್ಕೆ ಏರಿತು.

ತಪ್ಪು ಕಲ್ಪನೆ 3: ಗೆಳೆಯರಿಂದ ಮತ ಹಾಕಿಸಿದರೆ ಗೆದ್ದಂತೆ.

ಸತ್ಯ: ಮತ ಬೇಡುವುದನ್ನು ಹ್ಯಾಕರ್ ನ್ಯೂಸ್‌ನ ನಿಯಮಗಳೇ ನಿಷೇಧಿಸುತ್ತವೆ, ಪ್ರಾಡಕ್ಟ್ ಹಂಟ್ ಕೂಡ ಒಪ್ಪುವುದಿಲ್ಲ. ಗೆಳೆಯರ ಮತಕ್ಕಿಂತ ನೀವು ಕೊಡುವ ಉತ್ತರ ದೊಡ್ಡದು. ಪ್ರಾಡಕ್ಟ್ ಹಂಟ್‌ನಲ್ಲಿ ಹೊಸ ಆ್ಯಪ್‌ಗಳ ನಡುವೆ ದಿನದಿನವೂ ಮತದ ಪೈಪೋಟಿ; ಆ ದಿನ ಅಮೆರಿಕದ ಪಶ್ಚಿಮ ಕರಾವಳಿಯ ನಡುರಾತ್ರಿಗೆ ಶುರುವಾಗುತ್ತದೆ. ಆಗ ನಮ್ಮಲ್ಲಿ ಮಧ್ಯಾಹ್ನ 12.30, ಅವರ ಚಳಿಗಾಲದಲ್ಲಾದರೆ 1.30. ಅಲ್ಲಿನವರು ಎದ್ದು ಪ್ರಶ್ನೆ ಕೇಳುವ ಹೊತ್ತಿಗೆ ಇಲ್ಲಿ ರಾತ್ರಿಯಾಗಿರುತ್ತದೆ. ಆ ರಾತ್ರಿ ಎಚ್ಚರವಿದ್ದು ಒಬ್ಬೊಬ್ಬರಿಗೂ ಉತ್ತರಿಸಲು ಮೊದಲೇ ಸಜ್ಜಾಗಿರಿ.

ತಪ್ಪು ಕಲ್ಪನೆ 4: ಟೀಕೆ ಬಂದರೆ ಆ್ಯಪ್ ಸೋತಿತು.

ಸತ್ಯ: ಡ್ರಾಪ್‌ಬಾಕ್ಸ್ ಮೊದಲು ಕಾಣಿಸಿಕೊಂಡಾಗ, ಲಿನಕ್ಸ್ ಬಳಸುವವರು ಇದನ್ನು ತಾವೇ ಸುಲಭವಾಗಿ ಮಾಡಿಕೊಳ್ಳಬಹುದಲ್ಲ ಎಂದು ಒಬ್ಬರು ಬರೆದರು. ಹ್ಯೂಸ್ಟನ್ ಸಿಟ್ಟಾಗದೆ ಉತ್ತರ ಕೊಟ್ಟರು. 2018ರಲ್ಲಿ ಅದೇ ಕಂಪನಿ ಷೇರುಪೇಟೆಗೆ ಬಂತು. ಟೀಕಿಸುವವನು ನಿಮ್ಮ ಆ್ಯಪ್‌ಗಾಗಿ ತನ್ನ ಸಮಯ ಕೊಟ್ಟಿದ್ದಾನೆ, ಅವನಿಗೆ ಋಣಿಯಾಗಿರಿ. ಯಾರೂ ಏನೂ ಹೇಳದಿದ್ದಾಗ ಮಾತ್ರ ಚಿಂತೆ ಮಾಡಬೇಕು.

ತಪ್ಪು ಕಲ್ಪನೆ 5: ಬೆಂಗಳೂರು, ಪುಣೆಯಲ್ಲಿ ಇಲ್ಲದವರಿಗೆ, ಅದರಲ್ಲೂ ಕನ್ನಡದಲ್ಲಿ ಮಾಡುವವರಿಗೆ, ಬಳಕೆದಾರರು ಸಿಗುವುದಿಲ್ಲ.

ಸತ್ಯ: ಶೇಷಾದ್ರಿವಾಸು ಅವರ ಕನ್ನಡ ಟೈಪಿಂಗ್ ತಂತ್ರಾಂಶ ‘ಬರಹ’ 1998ರಲ್ಲಿ ಉಚಿತವಾಗಿ ಬಂದು ದೇಶ ವಿದೇಶಗಳ ಕನ್ನಡಿಗರ ಗಣಕಗಳನ್ನು ಸೇರಿತು. ವಿ. ಕೃಷ್ಣ ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 2019ರಲ್ಲಿ ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ ಅದು ಮುಕ್ತ ಪರವಾನಗಿಯಲ್ಲಿ ಜಾಲಕ್ಕೆ ಬಂತು. ಕೆಲಸ ಗಟ್ಟಿಯಿದ್ದು ಸರಿಯಾದ ಬಳಗಕ್ಕೆ ಮುಟ್ಟಿದರೆ ಭಾಷೆ ಅಡ್ಡಿಯಾಗುವುದಿಲ್ಲ.

ಇನ್ನು ಊರಿನ ಮಾತು; ಕುಂಭಾರಿಯನ್ನೇ ನೋಡಿ. ಇಲ್ಲಿನ ರೇ ನಗರದಲ್ಲಿ ದುಡಿಯುವ ಜನರಿಗಾಗಿ 30,000 ಮನೆಗಳ ಯೋಜನೆ ಕೈಗೊಳ್ಳಲಾಯಿತು. 2024ರ ಜನವರಿಯಲ್ಲಿ ಮೊದಲ 15,000 ಮನೆಗಳು ಉದ್ಘಾಟನೆಯಾದವು. ಬೀಡಿ ಕಟ್ಟುವವರು, ಮಗ್ಗದವರು, ಚಾಲಕರು ಈ ಯೋಜನೆಯ ಫಲಾನುಭವಿಗಳು. ಸೊಲ್ಲಾಪುರದ ಸುತ್ತ ಮರಾಠಿ, ತೆಲುಗು, ಕನ್ನಡ ಒಟ್ಟೊಟ್ಟಿಗೆ ಕಿವಿಗೆ ಬೀಳುತ್ತವೆ. ಬೀಡಿ ಕಟ್ಟುವ ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಸಿಗುತ್ತದೆ. ಆ ಲೆಕ್ಕ ಬರೆದಿಡುವ ಒಂದು ಆ್ಯಪ್ ಮಾಡಿದಿರಿ ಎಂದುಕೊಳ್ಳಿ. ಅದರ ಅಕ್ಷರ ಓದಲು ಬರುತ್ತದೆಯೇ, ಅಗ್ಗದ ಫೋನಿನಲ್ಲಿ ಓಡುತ್ತದೆಯೇ ಎಂದು ಹೇಳಬಲ್ಲವರು ಕ್ಯಾಲಿಫೋರ್ನಿಯಾದಲ್ಲಿಲ್ಲ, ನಿಮ್ಮ ಓಣಿಯಲ್ಲೇ ಇದ್ದಾರೆ.

ಗೂಗಲ್ ಪ್ಲೇಯ ನಿಯಮವೂ ಇದೇ ದಾರಿ ತೋರಿಸುತ್ತದೆ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಅನ್ನು ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನರಿಂದ 14 ದಿನ ಸತತವಾಗಿ ಪರೀಕ್ಷೆ ಮಾಡಿಸಬೇಕು. ಈ 12 ಜನರನ್ನು ದುಡ್ಡು ಕೊಟ್ಟು ತರಬೇಡಿ. ನಿಮ್ಮ ಆ್ಯಪ್ ನಿಜವಾಗಿ ಬೇಕಾದವರನ್ನೇ ಆರಿಸಿ, ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿ, ಎಲ್ಲಿ ತೊಡಕಾಯಿತು ಎಂದು ದಿನವೂ ಕೇಳಿ. ಅದನ್ನು ಸರಿಪಡಿಸಿದ ಮೇಲೆ ಹೊರಗಿನ ಸಮುದಾಯಗಳಿಗೆ ಹೋಗಿ. ಅಲ್ಲಿಯೂ ಮೊದಲು ಬೇರೆಯವರ ಪ್ರಶ್ನೆಗಳಿಗೆ ಉತ್ತರ ಕೊಡಿ, ನಿಮ್ಮ ಲಿಂಕ್ ಆಮೇಲೆ ಹಾಕಿ.