ಮೀಟರಿನ ಬದಲಾವಣೆಯೂ ಮನೆಯ ದುರಸ್ತಿಯೂ



ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುಚ್ಛಕ್ತಿಯು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅದು ಬೀದಿಯಿಂದ ಮನೆಯೊಳಕ್ಕೆ ಕಾಲಿಟ್ಟಾಗ ಮೀಟರೂ ಜೊತೆಯಲ್ಲಿ ಬಂದು ಗೋಡೆಯನ್ನೇರಿತು. ಅಲ್ಯೂಮಿನಿಯಂ ಬಿಲ್ಲೆ ತಿರುಗುತ್ತಿದ್ದ ಆ ಹಳೆಯ ಮೀಟರುಗಳು ಈಗ ಕಣ್ಮರೆಯಾಗುತ್ತಿವೆ. 2021ರಲ್ಲಿ ಭಾರತ ಸರ್ಕಾರವು ಒಪ್ಪಿದ ಯೋಜನೆಯೊಂದು ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರುಗಳನ್ನು ಕೂಡಿಸುವ ಗುರಿಯನ್ನಿಟ್ಟುಕೊಂಡಿತು.

ಹಳೆಯದನ್ನು ಕಳಚುವಾಗ ಮರದ ಹಲಗೆ ಸೀಳುವುದುಂಟು, ಗೋಡೆಯ ಗಾರೆ ಉದುರುವುದುಂಟು. ತಂತಿ ಹಳತಾಗಿದೆ, ಬದಲಾಯಿಸಿಕೊಳ್ಳಿ ಎಂದು ಕೆಲಸಗಾರನು ಹೇಳಿಹೋಗುವುದೂ ಉಂಟು. ಈ ದುರಸ್ತಿಯ ಹಣವನ್ನು ತೆರಬೇಕಾದವರು ಯಾರು? ಇದನ್ನೇ ಇಂದು ವಿಚಾರ ಮಾಡೋಣ.

ಮೊದಲು ಸ್ವತ್ತಿನ ಮಾತು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2006ರಲ್ಲಿ ಮಾಡಿದ ನಿಯಮಗಳ ಮೇರೆಗೆ ಮೀಟರು ಸಾಮಾನ್ಯವಾಗಿ ಸರಬರಾಯಿ ಸಂಸ್ಥೆಯದು. ಬಳಕೆದಾರನು ತಾನೇ ಕೊಂಡು ಕೊಡಲೂ ಬಹುದು. ಆದರೆ ಅದನ್ನು ಪರೀಕ್ಷಿಸಿ, ಕೂಡಿಸಿ, ಮುದ್ರೆಯೊತ್ತುವವರು ಸಂಸ್ಥೆಯವರೇ. ಮೀಟರಿನಿಂದ ಹೊರಟು ಮನೆಯೊಳಗೆ ಹೋಗುವ ತಂತಿ, ಮೇನ್ ಸ್ವಿಚ್ಚು, ಫ್ಯೂಸು ಇವೆಲ್ಲ ಮನೆಯವರ ಸ್ವತ್ತು. ಇವು ವಯಸ್ಸಿನಿಂದ ಸವೆದಿದ್ದರೆ ಸರಿಪಡಿಸುವ ಖರ್ಚು ಮನೆಯವರದೇ. ಮೀಟರು ಹೊಸದಾಯಿತೆಂಬ ಕಾರಣದಿಂದ ಆ ಭಾರವು ಸಂಸ್ಥೆಯ ಮೇಲೆ ಬೀಳದು.

ಎರಡನೆಯದು ಕೈತಪ್ಪಿನ ಮಾತು. ಸ್ವತ್ತು ಯಾರದೇ ಆಗಿರಲಿ, ಕೆಲಸದವರ ಅಜಾಗರೂಕತೆಯಿಂದ ಕೆಟ್ಟದ್ದನ್ನು ಸರಿಪಡಿಸಿಕೊಡುವುದು ಅವರನ್ನು ಕಳುಹಿಸಿದವರ ಧರ್ಮ. 2003ರ ವಿದ್ಯುಚ್ಛಕ್ತಿ ಕಾಯಿದೆಯ 67ನೆಯ ಕಲಮು ಬೀದಿಯನ್ನಗೆದು ತಂತಿ ಹಾಯಿಸುವಂಥ ಕೆಲಸಗಳಿಗೆ ಸಂಬಂಧಿಸಿದ್ದು. ಆದಷ್ಟು ಕಡಮೆ ಹಾನಿ ಮಾಡತಕ್ಕದ್ದು, ತಾನಾಗಲಿ ತಾನು ನೇಮಿಸಿದವರಾಗಲಿ ಮಾಡಿದ ಹಾನಿಗೆ ಸಂಸ್ಥೆಯು ಪೂರ್ಣ ಪರಿಹಾರ ಕೊಡತಕ್ಕದ್ದು ಎಂದು ಅದು ವಿಧಿಸುತ್ತದೆ. ಬೀದಿಗೆ ಸಲ್ಲುವ ನ್ಯಾಯವು ಮನೆಯ ಗೋಡೆಗೆ ಸಲ್ಲದೆ ಹೋಗಬೇಕೇಕೆ? ಕೆಲಸವನ್ನು ಗುತ್ತಿಗೆದಾರನು ಮಾಡಿದನೆಂಬ ಉತ್ತರವನ್ನು ಕೇಳಿ ನಾವು ಸುಮ್ಮನಾಗಬೇಕಾದುದಿಲ್ಲ.

ಕಷ್ಟವಿರುವುದು ಇವೆರಡರ ನಡುವಿನ ಪ್ರಸಂಗದಲ್ಲಿ. ಮೀಟರು ಬದಲಾದ ಕೆಲವು ದಿನಗಳಲ್ಲಿ ಮೇನ್ ಸ್ವಿಚ್ಚು ಸುಟ್ಟುಹೋಯಿತೆನ್ನಿ. ಹಳೆಯ ತಂತಿಯ ದೋಷವೆಂದು ಸಂಸ್ಥೆಯವರು, ಹೊಸ ಕೆಲಸದ ದೋಷವೆಂದು ಮನೆಯವರು. ತಂತಿಯನ್ನು ಹಿಡಿದಿರುವ ತಿರುಪು ಸಡಿಲವಾದರೆ ಅಲ್ಲಿ ಪ್ರವಾಹಕ್ಕೆ ತಡೆಯುಂಟಾಗಿ ಶಾಖ ಹುಟ್ಟುತ್ತದೆ. ಆ ತಡೆಯು ಒಂದು ಓಮಿನ ಹತ್ತನೆಯ ಒಂದು ಪಾಲು ಮಾತ್ರವಿದ್ದರೂ, 20 ಆಂಪಿಯರ್ ಪ್ರವಾಹ ಹರಿದರೆ 40 ವಾಟಿನಷ್ಟು ಶಾಖವು ಆ ಒಂದು ಚುಕ್ಕೆಯಲ್ಲಿ ಸೇರುತ್ತದೆ. ಹೊದಿಕೆ ಕರಗಿ ಬೆಂಕಿ ಹತ್ತಲು ಇಷ್ಟು ಸಾಕು. ಸುಟ್ಟ ಗುರುತು ಹೊಸದಾಗಿ ಬಿಗಿದ ತಿರುಪಿನ ಸುತ್ತ ಮಾತ್ರವಿದ್ದರೆ ಸಂದೇಹವು ಹೊಸ ಕೆಲಸದ ಕಡೆಗೆ ಹೋಗುತ್ತದೆ. ತಂತಿಯ ಹೊದಿಕೆಯು ಉದ್ದಕ್ಕೂ ಬಿರಿತು ಪುಡಿಯಾಗುತ್ತಿದ್ದರೆ ಅದು ಮುಪ್ಪಿನ ಲಕ್ಷಣ.

ಇಂತಹ ವಿವಾದದಲ್ಲಿ ಗೆಲ್ಲುವುದು ಸಾಕ್ಷ್ಯ. ಕೆಲಸಕ್ಕೆ ಮುಂಚೆ ಹಲಗೆ, ಗೋಡೆ, ಸ್ವಿಚ್ಚು ಇವುಗಳ ಛಾಯಾಚಿತ್ರವನ್ನು ತೆಗೆದಿಡುವುದು ಮೇಲು. ಇಂದು ಅದಕ್ಕೆ ಜೇಬಿನಲ್ಲಿರುವ ಫೋನೇ ಸಾಕು. ಬಂದವರ ಗುರುತಿನ ಚೀಟಿಯನ್ನು ನೋಡಬೇಕು. ಮನೆಯಲ್ಲಿರುವವರಿಗೆ ತಿಳಿಸಿ, ಯುಕ್ತವಾದ ವೇಳೆಯಲ್ಲಿ ಒಳಗೆ ಬರತಕ್ಕದ್ದೆಂದು ಕಾಯಿದೆಯ 163ನೆಯ ಕಲಮೇ ಹೇಳುತ್ತದೆ. ಹಳೆಯ ಮೀಟರಿನ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ, ಅದರ ಸಂಖ್ಯೆ ಇವನ್ನು ಬರೆದುಕೊಂಡು ಕೆಲಸಗಾರನ ರುಜು ಪಡೆಯಬೇಕು. ಅವನು ಹೊರಡುವ ಮೊದಲೇ ದೀಪ, ಪಂಪು ಎಲ್ಲವನ್ನೂ ನಡೆಸಿ ನೋಡಬೇಕು. ತರುವಾಯ ಸುಟ್ಟ ವಾಸನೆ ಬಂದರೆ, ಚಿಟಿಚಿಟಿ ಸದ್ದಾದರೆ, ದೀಪಗಳು ಮಿಣುಕಿದರೆ ಮೇನನ್ನು ಆರಿಸಿ 1912ಕ್ಕೆ ತಿಳಿಸಬೇಕು. ಮುದ್ರೆಯನ್ನು ಮಾತ್ರ ನಾವು ಒಡೆಯಕೂಡದು. ಒಡೆದರೆ ದೂರು ಕೊಡಬೇಕಾದವರೇ ಆಪಾದಿತರಾದಾರು.

ಬಾಡಿಗೆಯ ಮನೆಯಲ್ಲಿರುವವರು ಈ ಸಂಗತಿಗಳನ್ನು ಮನೆಯ ಯಜಮಾನರಿಗೆ ಕೂಡಲೇ ಬರೆದು ತಿಳಿಸುವುದು ಒಳಿತು. ಗೋಡೆ ಅವರದು, ಅಪಾಯ ಮಾತ್ರ ಒಳಗಿರುವವರದು.

ಹಾನಿಯಾದರೆ ಉಪವಿಭಾಗದ ಕಚೇರಿಗೆ ಲಿಖಿತ ದೂರನ್ನು ಕೊಟ್ಟು ಸ್ವೀಕೃತಿ ಪಡೆಯಬೇಕು. ಅಲ್ಲಿ ನ್ಯಾಯ ದೊರೆಯದಿದ್ದರೆ ಕಾಯಿದೆಯ 42ನೆಯ ಕಲಮಿನಂತೆ ಬಳಕೆದಾರರ ಕುಂದುಕೊರತೆ ವೇದಿಕೆಯಿದೆ. ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

ಒಟ್ಟಿನಲ್ಲಿ, ಸವೆದುದಕ್ಕೆ ಮನೆಯವರು, ಕೆಡಿಸಿದುದಕ್ಕೆ ಕೆಡಿಸಿದವರು ಹೊಣೆ. ಯಾವುದು ಸವೆದುದು, ಯಾವುದು ಕೆಡಿಸಿದುದು ಎಂಬುದನ್ನು ತೋರಿಸಬಲ್ಲ ದಾಖಲೆಯನ್ನು ಇಟ್ಟುಕೊಳ್ಳುವ ಕೆಲಸ ನಮ್ಮದು. ಆ ಎಚ್ಚರವಿಲ್ಲದ ಮನೆಯಲ್ಲಿ ಇತರರ ತಪ್ಪಿನ ದಂಡವನ್ನೂ ಯಜಮಾನನೇ ತೆರಬೇಕಾಗುವುದು.