ಬಯಲಾಟದ ಪರಿಭಾಷೆ: ಕೊಪ್ಪಳ ಸೀಮೆಯ ಒಂದು ಅವಲೋಕನ

ಕನ್ನಡದ ತಿರುಳು ಎಲ್ಲಿಯದೆಂಬ ಪ್ರಶ್ನೆಗೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ತೋರಿಸಿರುವುದು ವಿದ್ಯಾರ್ಥಿಗಳಿಗೆ ವಿದಿತವಾದುದೇ. ಆ ಕೊಪಣವೇ ಇಂದಿನ ಕೊಪ್ಪಳ. ಹೀಗಿರಲು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬಯಲಾಟದವರ ಮಾತನ್ನು ಕೇಳಿದವರಿಗೆ ಮೊದಲು ಆಶ್ಚರ್ಯವಾಗುವುದು ಸಹಜ. ‘ತಾಲೀಮು’, ‘ಪೇಟಿ’, ‘ಪಾರ್ಟು’, ‘ಪರದೆ’ ಮೊದಲಾದ ಶಬ್ದಗಳು ಅಲ್ಲಿ ಹೆಜ್ಜೆಹೆಜ್ಜೆಗೂ ಕೇಳಿಬರುತ್ತವೆ. ತಿರುಳ್ಗನ್ನಡದ ನೆಲದಲ್ಲಿ ಇದು ಭಾಷೆಯ ಕೆಡುಕೇ? ಅಲ್ಲವೆಂದೂ, ಈ ಮಿಶ್ರಣವೇ ಒಂದು ಐತಿಹಾಸಿಕ ದಾಖಲೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ದೊಡ್ಡಾಟವು ರಾತ್ರಿಯೆಲ್ಲ ನಡೆಯುವ, ಹಾಡು, ಕುಣಿತ, ಮಾತುಗಳು ಕೂಡಿದ ಆಟ. ಇದರ ಪರಿಭಾಷೆಯನ್ನು ಪದರಪದರವಾಗಿ ಬಿಡಿಸಿ ನೋಡಬಹುದು. ಎಲ್ಲಕ್ಕೂ ಕೆಳಗಿನದು ದೇಶ್ಯದ ಪದರ. ಬಯಲು, ಆಟ, ಕುಣಿತ ಎಂಬಿವು ಅಚ್ಚಗನ್ನಡದವು. ಕಲೆಯ ಹೆಸರೂ ಅದರ ಅಂಗಚಲನೆಯೂ ಇಲ್ಲಿಯೇ ಸೇರಿವೆ. ಅದರ ಮೇಲಿನದು ತದ್ಭವಗಳ ಪದರ. ‘ವರ್ಣ’ವು ‘ಬಣ್ಣ’ವಾಗಿ, ‘ಮರ್ದಲ’ವು ‘ಮದ್ದಳೆ’ಯಾಗಿ ಬಹುಕಾಲದಿಂದ ಕನ್ನಡದ ಸೊತ್ತೇ ಆಗಿಬಿಟ್ಟಿವೆ.

ಮೂರನೆಯದು ಸಂಸ್ಕೃತದಿಂದ ರೂಪ ಕೆಡದೆ ಬಂದ ಶಬ್ದಗಳದು. ಇಲ್ಲಿ ಗಮನಿಸತಕ್ಕುದು ರೂಪಕ್ಕಿಂತ ಅರ್ಥದ ಪಲ್ಲಟ. ‘ಭಾಗವತ’ನೆಂದರೆ ಮೂಲದಲ್ಲಿ ಭಗವಂತನ ಭಕ್ತ, ಬಯಲಾಟದಲ್ಲಿ ಆತನು ಹಿಮ್ಮೇಳದ ಮುಖ್ಯ ಹಾಡುಗಾರ. ‘ಸಾರಥಿ’ಯು ಪುರಾಣದಲ್ಲಿ ರಥವನ್ನು ನಡೆಸುವವನು, ದೊಡ್ಡಾಟದಲ್ಲಿ ರಥವಿಲ್ಲ, ಸಾರಥಿ ಮಾತ್ರ ಇದ್ದಾನೆ. ಅರಸನು ಪ್ರವೇಶಿಸಿದೊಡನೆ ಆತನ ನಾಮಧೇಯವನ್ನು ಕೇಳಿ, ಸಭೆಗೆ ಪರಿಚಯಿಸಿ, ನಡುನಡುವೆ ನಗಿಸಿ ಅವನು ನಡೆಸುವುದು ಆಟವನ್ನು. ಅರ್ಥವು ಬದಲಾದರೂ ‘ನಡೆಸುವವನು’ ಎಂಬ ಬೀಜ ಉಳಿದುಕೊಂಡಿದೆ.

ನಾಲ್ಕನೆಯದು ಪಾರಸಿ-ಅರಬ್ಬಿಗಳಿಂದ ಬಂದುದು. ‘ತಾಲೀಮು’ ಅರಬ್ಬಿಯಲ್ಲಿ ಬೋಧನೆಯೆಂಬ ಅರ್ಥದ ಶಬ್ದ. ಇಲ್ಲಿ ಅದು ಆಟದ ಅಭ್ಯಾಸವನ್ನೂ ಕುಸ್ತಿಯ ಸಾಧನೆಯನ್ನೂ ಸೂಚಿಸುತ್ತದೆ. ‘ಪರದೆ’ ಪಾರಸಿಯದು. ಈ ಸೀಮೆಯು 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಒಳಪಟ್ಟು, ಉರ್ದು ಆಡಳಿತಭಾಷೆಯಾಗಿದ್ದುದನ್ನು ನೆನೆದರೆ ಇದು ಸಹಜವೆನಿಸುತ್ತದೆ. ಆದರೂ ಇವೆಲ್ಲ ನಿಜಾಮನ ಕಚೇರಿಯಿಂದಲೇ ಬಂದುವೆಂದು ನಿರ್ಣಯಿಸುವುದು ಆತುರವಾದೀತು. ಇದೇ ‘ತಾಲೀಮು’ ಮರಾಠಿಯಲ್ಲಿಯೂ ಧಾರವಾಡದ ಕಡೆಯ ಮಾತಿನಲ್ಲಿಯೂ ರೂಢವಾಗಿದೆ.

ಕೊನೆಯದು ಯೂರೋಪಿನ ಪದರ. ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ವಾದ್ಯ. ನಮ್ಮ ಹಳ್ಳಿಗರು ವಾದ್ಯವನ್ನು ಸ್ವೀಕರಿಸಿ, ಅದರ ಆಕಾರವನ್ನು ಕಂಡು ‘ಪೇಟಿ’ ಎಂದರು. ಬಾರಿಸುವವನು ‘ಪೇಟಿ ಮಾಸ್ತರ’ನಾದನು. ‘ಪಾರ್ಟು’ ಮಾತ್ರ ಇಂಗ್ಲಿಷಿನಿಂದಲೇ ಬಂದಿತು. ನೆರೆಯ ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂತಹ ವೃತ್ತಿಸಂಸ್ಥೆಗಳು ಬೆಳೆದ ಕಾಲದಲ್ಲಿ ನಾಟಕದ ನುಡಿಯು ಬಯಲಾಟವನ್ನೂ ಸೋಂಕಿತೆಂದು ಊಹಿಸಬಹುದು.

ಇಂತಹ ಪದರಗಳು ನಮ್ಮಲ್ಲಿ ಮಾತ್ರ ಕಾಣುವುವಲ್ಲ. ಜಪಾನಿನ ನಗರಗಳ ನೃತ್ಯಶಾಲೆಗಳಲ್ಲಿ ಬೆಳೆದು 2000ದ ಸುಮಾರಿಗೆ ಬಹು ಜನಪ್ರಿಯವಾದ ‘ಪಾರಾ ಪಾರಾ’ ಎಂಬ ನೃತ್ಯವನ್ನು ನೋಡಿರಿ. ಸಾಲಾಗಿ ನಿಂತವರೆಲ್ಲರೂ ಒಂದೇ ಬಗೆಯಾಗಿ ಕೈಗಳನ್ನು ಆಡಿಸುವುದು ಇದರ ಲಕ್ಷಣ. ಇದರ ಸಂಗೀತ ಬಹುಮಟ್ಟಿಗೆ ಇಟಲಿಯಲ್ಲಿ ಸಿದ್ಧವಾದುದು. ಅದರ ‘ಯೂರೋಬೀಟ್’ ಎಂಬ ಹೆಸರು ಜಪಾನೀಯರ ಬಾಯಲ್ಲಿ ‘ಯೂರೋಬೀಟೊ’ ಆಯಿತು. ಆದರೆ ಚಲನೆಗಳ ಜೋಡಣೆಗೆ ಅವರು ಹೇಳುವ ‘ಫುರಿತ್ಸುಕೆ’ ತಮ್ಮದೇ ದೇಶ್ಯ ಶಬ್ದ. ಅಲ್ಲಿಯೂ ವಾದ್ಯಸಂಗೀತದ ಹೆಸರು ಹೊರಗಿನದು, ಮೈಯ ಚಲನೆಯ ಹೆಸರು ಒಳಗಿನದು. ನಮ್ಮ ‘ಪೇಟಿ’ ಮತ್ತು ‘ಕುಣಿತ’ಗಳ ಸಂಬಂಧವೂ ಇದಕ್ಕೆ ದೂರವಾದುದಲ್ಲ.

ಪರಿಭಾಷೆಯು ಆಟದ ಹೊರಗೂ ಹರಿಯುತ್ತದೆ. ತೊಗಲುಗೊಂಬೆಯಾಟದ ಹಾಸ್ಯದ ಗೊಂಬೆ ಕಿಳ್ಳೇಕ್ಯಾತನ ಹೆಸರೇ ಆ ಕಲೆಯನ್ನು ಉಳಿಸಿಕೊಂಡು ಬಂದ ಸಮುದಾಯದ ಹೆಸರೂ ಆಗಿದೆ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಈ ಶಬ್ದವು ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಓದಿದವರಲ್ಲಿ ಎಷ್ಟು ಮಂದಿ ಅದರೊಳಗಿನ ಗೊಂಬೆಯನ್ನು ಗುರುತಿಸಿದರು?

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕ್ಷೇತ್ರಕಾರ್ಯಕ್ಕೆ ಹೋದ ವಿದ್ಯಾರ್ಥಿಯು ‘ತಾಲೀಮು’ ಎಂದು ಕೇಳಿ ‘ಅಭ್ಯಾಸ’ವೆಂದು ಬರೆದರೆ, ‘ಪಾರ್ಟು’ ಎಂದುದನ್ನು ‘ಪಾತ್ರ’ವೆಂದು ತಿದ್ದಿದರೆ, ಶುದ್ಧಿಯ ಹೆಸರಿನಲ್ಲಿ ಆಧಾರವನ್ನೇ ಅಳಿಸಿದಂತಾಗುತ್ತದೆ. ಶಾಸನದ ಅಕ್ಷರವನ್ನು ತಿದ್ದುವ ಅಧಿಕಾರ ನಮಗಿಲ್ಲ. ಹೇಳುವವನ ಮಾತಿಗೂ ಆ ಗೌರವವೇ ಸಲ್ಲಬೇಕು. ಕೇಳಿದ ಶಬ್ದವನ್ನು ಕೇಳಿದಂತೆಯೇ ಬರೆದು, ಊರು, ಹೇಳಿದವರ ವಯಸ್ಸು, ಅವರು ಯಾರಿಂದ ಕಲಿತರೆಂಬುದನ್ನು ಜೊತೆಗೆ ಗುರುತಿಸಿಕೊಳ್ಳಬೇಕು. ಶಾಸನದ ಕಲ್ಲು ಶತಮಾನಗಳ ಕಾಲ ಮಳೆಬಿಸಿಲಿನಲ್ಲಿ ನಿಂತು ನಮಗಾಗಿ ಕಾಯಬಲ್ಲುದು. ಬಾಯಿಂದ ಬಾಯಿಗೆ ಬಂದ ಶಬ್ದವು ಕಲಿಸುವ ಮಾಸ್ತರನ ಆಯುಷ್ಯದಷ್ಟೇ ಕಾಯುತ್ತದೆ.